ಬೇಸ್ ಸರಿಯಾಗಬೇಕೇ? ಮೊದಲು ಸೋಫಾ ಸರಿಸಿ, ಆಮೇಲೆ ಸ್ಪೀಕರ್

ಅಂಗಡಿಯಲ್ಲಿ ಕೇಳಿದಾಗ ಎದೆಗೆ ತಟ್ಟಿದ ಬೇಸ್, ಅಂದರೆ ಹಾಡಿನ ತಗ್ಗಿನ ಸದ್ದು, ಮನೆಗೆ ಬಂದ ಮೇಲೆ ಕಾಣೆಯಾಗುತ್ತದೆ. ಇಲ್ಲವೇ ಅದರ ಉಲ್ಟಾ. ಇಡೀ ಹಾಲ್ ಗುಂಯ್‌ಗುಡುತ್ತದೆ, ಮೃದಂಗದ ಎಡಬದಿಯ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆಗ ಸಾಮಾನ್ಯವಾಗಿ ಆಂಪ್‌ನ (ಆಂಪ್ಲಿಫೈಯರ್) ಬೇಸ್ ಗುಂಡಿ ತಿರುಗಿಸುತ್ತಾರೆ, ಅಥವಾ ಇನ್ನೂ ದೊಡ್ಡ ಸಬ್‌ವೂಫರ್‌ಗೆ (ಬೇಸ್ ಮಾತ್ರ ನುಡಿಸುವ ಸ್ಪೀಕರ್) ದುಡ್ಡು ಹೊಂದಿಸಲು ಶುರುಮಾಡುತ್ತಾರೆ. ಎರಡೂ ಈಗಲೇ ಬೇಡ. ಸ್ಪೀಕರ್‌ನಿಂದ ಹೊರಡುವ ಬೇಸ್ ಒಂದು, ನಿಮ್ಮ ಕಿವಿಗೆ ಮುಟ್ಟುವ ಬೇಸ್ ಇನ್ನೊಂದು. ನಡುವೆ ಕೋಣೆ ಇದೆ. ಸುಮಾರು 200 ಹರ್ಟ್ಜ್‌ನಿಂದ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಕೆಳಗೆ ಕೋಣೆಯದೇ ದರ್ಬಾರು.

ಇದನ್ನು ಸರಿಮಾಡಲು ಅರ್ಧ ಭಾನುವಾರ ಸಾಕು. ಒಂದು ಅಳತೆ ಟೇಪು, ಒಂದು ಸೀಮೆಸುಣ್ಣ, ಮೊಬೈಲಿನಲ್ಲಿ ಒಂದು ಟೋನ್ ಜನರೇಟರ್ ಆ್ಯಪ್ (ಬೇಕಾದ ಹರ್ಟ್ಜ್‌ನ ಒಂದೇ ಸ್ವರ ನುಡಿಸುವಂಥದ್ದು) ಇಟ್ಟುಕೊಳ್ಳಿ. ಈ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಸೋಫಾ ಎತ್ತಲು ಮನೆಯಲ್ಲಿ ಇನ್ನೊಬ್ಬರು ಇರಲಿ.

ಹಂತ 1: ಕೋಣೆ ಅಳೆಯಿರಿ, ಒಂದು ಚಿಕ್ಕ ಲೆಕ್ಕ ಮಾಡಿ

ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. 50 ಹರ್ಟ್ಜ್‌ನ ಒಂದು ಅಲೆ 22 ಅಡಿಗೂ ಜಾಸ್ತಿ ಉದ್ದ. ಅಂದರೆ ಬೇಸ್‌ನ ಅಲೆ ನಿಮ್ಮ ಕೋಣೆಗಿಂತ ದೊಡ್ಡದು ಅಥವಾ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದು ಗೋಡೆಗೆ ಬಡಿದು ವಾಪಸು ಬಂದು ತನ್ನ ಜೊತೆಗೇ ಸೇರುತ್ತದೆ. ಕೆಲವು ಕಂಪನಗಳಲ್ಲಿ ಈ ಹೋಗುವ, ಬರುವ ಅಲೆಗಳು ಕೂಡಿ ಕೋಣೆಯಲ್ಲಿ ನಿಂತುಬಿಡುತ್ತವೆ. ಬೋಗುಣಿಯ ನೀರನ್ನು ಅತ್ತಿತ್ತ ಅಲ್ಲಾಡಿಸಿದರೆ ಅಂಚಿನಲ್ಲಿ ಏರಿಳಿಯುತ್ತದೆ, ನಡುವೆ ಹೆಚ್ಚು ಕದಲುವುದಿಲ್ಲ ಅಲ್ವಾ, ಹಾಗೆ. ಗೋಡೆಯ ಹತ್ತಿರ ಜೋರು, ನಟ್ಟನಡುವೆ ಸದ್ದೇ ಇಲ್ಲ.

ಯಾವ ಕಂಪನದಲ್ಲಿ ಹೀಗಾಗುತ್ತದೆ ಎಂದು ತಿಳಿಯಲು 565ನ್ನು ಕೋಣೆಯ ಅಳತೆಯಿಂದ (ಅಡಿಗಳಲ್ಲಿ) ಭಾಗಿಸಿ. ಉದಾಹರಣೆಗೆ, ಬೆಂಗಳೂರಿನ 30-40 ಸೈಟಿನ ಮನೆಯಲ್ಲಿ ಹಾಲ್ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ ಇದೆ ಅನ್ನಿ. ಉದ್ದಕ್ಕೆ 31 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 56 ಚಿಲ್ಲರೆ. ಇವುಗಳ ಎರಡು ಪಟ್ಟು, ಮೂರು ಪಟ್ಟಿನಲ್ಲೂ ಇದೇ ಆಟ. ಉದ್ದದ ಮೂರು ಪಟ್ಟು 94, ಅಗಲದ ಎರಡು ಪಟ್ಟೂ 94. ಹೀಗೆ ಎರಡು ಒಂದೇ ಕಡೆ ಬಂದು ಕೂತರೆ ಆ ಜಾಗದಲ್ಲಿ ಗುಂಯ್ ಅನ್ನುವುದು ಗ್ಯಾರಂಟಿ. ಈ ನಾಲ್ಕೈದು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ.

ಇದು ಪುಸ್ತಕದ ಲೆಕ್ಕ ಮಾತ್ರವಲ್ಲ. ಕಿವಿಯಿಂದಲೇ ನೋಡಬಹುದು. ಆಂಪ್‌ನ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ, ಎಡ ಸ್ಪೀಕರ್ ಮಾತ್ರ ನುಡಿಯಲಿ. ಆ್ಯಪ್‌ನಲ್ಲಿ 47 ಹರ್ಟ್ಜ್ ಇಟ್ಟು ಮಧ್ಯಮ ವಾಲ್ಯೂಮ್‌ನಲ್ಲಿ ಬಿಡಿ. ಈಗ ಎಡ ಗೋಡೆಗೆ ಬೆನ್ನು ತಾಗಿಸಿ ನಿಂತು, ಒಂದೊಂದೇ ಹೆಜ್ಜೆ ಬಲ ಗೋಡೆಯ ಕಡೆಗೆ ನಡೆಯಿರಿ. ಆರಡಿ ಹತ್ತಿರ ಬಂದಾಗ ಸದ್ದು ಬತ್ತಿದಂತೆ ಆಗುತ್ತದೆ. ಯಾರೋ ವಾಲ್ಯೂಮ್ ಇಳಿಸಿದರು ಅನ್ನಿಸುತ್ತದೆ. ಮುಂದೆ ನಡೆಯಿರಿ. ಸ್ಪೀಕರ್‌ನಿಂದ ದೂರ ಹೋಗುತ್ತಿದ್ದರೂ ಸದ್ದು ಏರುತ್ತದೆ! ಬಲ ಗೋಡೆ ಮುಟ್ಟಿದಾಗ ಕಿವಿ ತುಂಬುತ್ತದೆ. ಇದನ್ನು ಒಮ್ಮೆ ಕೇಳಿದವರಿಗೆ ಈ ಲೇಖನದ ಉಳಿದ ಭಾಗ ವಿವರಿಸಿ ಹೇಳುವ ಅಗತ್ಯವೇ ಬರುವುದಿಲ್ಲ.

ಒಂದು ಎಚ್ಚರಿಕೆ. ನಾಲ್ಕೈದು ಇಂಚಿನ ವೂಫರ್ (ಬೇಸ್ ನುಡಿಸುವ ಕೋನ್) ಇರುವ ಚಿಕ್ಕ ಸ್ಪೀಕರ್‌ಗೆ 30-40 ಹರ್ಟ್ಜ್ ಟೋನ್ ಜೋರಾಗಿ ಕೊಡಬೇಡಿ. ಸದ್ದು ಬರುವುದಿಲ್ಲ, ಕೋನ್ ಮಾತ್ರ ಮುಂದಕ್ಕೂ ಹಿಂದಕ್ಕೂ ಅತಿಯಾಗಿ ಆಡಿ ಹಾಳಾಗುತ್ತದೆ. ಅಂಥ ಸ್ಪೀಕರ್ ಇದ್ದರೆ 63 ಹರ್ಟ್ಜ್ ಇಟ್ಟು ಹಾಲಿನ ಉದ್ದಕ್ಕೆ ನಡೆಯಿರಿ. ಎರಡೂ ಕಡೆಯ ಗೋಡೆಗಳಿಂದ ನಾಲ್ಕೂವರೆ ಅಡಿಯಲ್ಲಿ ಸದ್ದು ಬತ್ತುತ್ತದೆ.

ನಮ್ಮ ಮನೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಯೂಟ್ಯೂಬ್‌ನಲ್ಲಿ ಸಿಗುವ ಸಲಹೆ ಹೆಚ್ಚಿನದು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳು. ಬೇಸ್ ಬಡಿದಾಗ ಆ ಗೋಡೆಗಳೇ ಅಲುಗಿ ಒಂದಿಷ್ಟನ್ನು ನುಂಗುತ್ತವೆ, ಒಂದಿಷ್ಟನ್ನು ಹೊರಗೆ ಬಿಡುತ್ತವೆ. ನಮ್ಮದು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್ ಅಥವಾ ಟೈಲ್ಸ್. ಬೇಸ್ ಎಲ್ಲೂ ಹೋಗುವುದಿಲ್ಲ, ಒಳಗೇ ಸುತ್ತುತ್ತದೆ. ಹಾಗಾಗಿ ನಮ್ಮಲ್ಲಿ ಬೇಸ್ ಕೊರತೆಗಿಂತ ಏರುಪೇರಿನ ತೊಂದರೆ ಹೆಚ್ಚು. ಡಲ್ಲಾಸ್‌ನಲ್ಲೋ ಸಿಯಾಟಲ್‌ನಲ್ಲೋ ಇರುವ ಕನ್ನಡಿಗರಿಗೆ ಈ ಲೆಕ್ಕವೆಲ್ಲ ಹಾಗೇ ಅನ್ವಯಿಸುತ್ತದೆ, ಆದರೆ ಏರುಪೇರು ಸ್ವಲ್ಪ ಮೆತ್ತಗಿರುತ್ತದೆ. ಮಲೆನಾಡಿನ, ಕರಾವಳಿಯ ಹೆಂಚಿನ ಮನೆಗಳಲ್ಲಿ ಸೀಲಿಂಗ್ ಇಲ್ಲದಿದ್ದರೆ ಬೇಸ್ ಮೇಲಿಂದ ಹೊರಗೆ ಹೋಗುತ್ತದೆ. ಅಲ್ಲಿ ಮೂಲೆಯ ಸಹಾಯ ಪಡೆಯಬಹುದು. ಅದರ ವಿಷಯ ಮುಂದೆ.

ಹಂತ 2: ವೈರ್ ಸರಿ ಇದೆಯಾ ನೋಡಿ

ಬೇಸ್ ಇಲ್ಲ ಎಂದು ಕೊರಗುವ ಎಷ್ಟೋ ಮನೆಗಳಲ್ಲಿ ತಪ್ಪು ಇರುವುದು ಇಷ್ಟೇ: ಒಂದು ಸ್ಪೀಕರ್‌ನ ಕೆಂಪು, ಕಪ್ಪು ವೈರ್ ಅದಲುಬದಲು. ಒಂದು ವೂಫರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಬೇಸ್ ಒಂದಕ್ಕೊಂದು ಹೊಡೆದು ಹೋಗುತ್ತದೆ. ಹಾಡುಗಾರರ ದನಿಯೂ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ.

ಪತ್ತೆ ಮಾಡುವುದು ಸುಲಭ. ಆಂಪ್ ಆಫ್ ಮಾಡಿ, ಆಂಪ್ ಕಡೆಯ ವೈರ್ ಬಿಚ್ಚಿ. ಸ್ಪೀಕರ್‌ನ ಮುಂದಿನ ಬಟ್ಟೆ ಜಾಲರಿ ತೆಗೆಯಿರಿ. ಒಂದು 1.5 ವೋಲ್ಟ್ ಪೆನ್ಸಿಲ್ ಸೆಲ್ ತೆಗೆದುಕೊಂಡು, ಕೆಂಪು ವೈರ್ ಪ್ಲಸ್‌ಗೆ, ಕಪ್ಪು ವೈರ್ ಮೈನಸ್‌ಗೆ ಕ್ಷಣಮಾತ್ರ ಮುಟ್ಟಿಸಿ. ಟಪ್ ಅಂತ ಸಣ್ಣ ಸದ್ದಾಗಿ ವೂಫರ್ ಒಂದಿಷ್ಟು ಹೊರಕ್ಕೆ ಜರುಗುತ್ತದೆ. ಇನ್ನೊಂದು ಸ್ಪೀಕರ್‌ಗೂ ಹಾಗೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಜರುಗಬೇಕು. ಸೆಲ್ ಹಿಡಿದೇ ಕೂರಬೇಡಿ, ಮುಟ್ಟಿಸಿ ಬಿಟ್ಟುಬಿಡಿ. ವೈರ್ ವಾಪಸು ಹಾಕುವಾಗ ಎಳೆಗಳು ಚೆದುರಿ ಒಂದಕ್ಕೊಂದು ತಾಗದಂತೆ ಚೆನ್ನಾಗಿ ಹೊಸೆಯಿರಿ.

ಹಂತ 3: ಕೂರುವ ಜಾಗ ಮೊದಲು

ಸ್ಪೀಕರ್ ಎಲ್ಲಿಡಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾನೆಲ್ಲಿ ಕೂರಬೇಕು ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಅದೇ ಮೊದಲ ಪ್ರಶ್ನೆ. ಸದ್ದು ಬತ್ತುವ ಜಾಗದಲ್ಲಿ ನೀವು ಕೂತಿದ್ದರೆ ಲಕ್ಷ ರೂಪಾಯಿಯ ಸ್ಪೀಕರ್ ತಂದರೂ ಅಷ್ಟೇ.

ತಪ್ಪಿಸಬೇಕಾದ ಜಾಗ ಎರಡು. ಒಂದು, ಹಾಲಿನ ಉದ್ದದ ಸರಿಯಾದ ಅರ್ಧ. ನಮ್ಮ 18 ಅಡಿ ಹಾಲಿನಲ್ಲಿ 9 ಅಡಿಯ ಗೆರೆ. ಅಲ್ಲಿ 31 ಹರ್ಟ್ಜ್ ಇಲ್ಲ, ಉದ್ದದ ಕಡೆಯ 94 ಕೂಡ ಇಲ್ಲ. ಬೇಸ್ ಸಪ್ಪೆ. ಎರಡು, ನಿಮ್ಮ ಬೆನ್ನ ಹಿಂದಿನ ಗೋಡೆ. ಅಲ್ಲಿ ಎಲ್ಲವೂ ಒಟ್ಟಿಗೆ ಜೋರು. ನಮ್ಮ ಹೆಚ್ಚಿನ ಮನೆಗಳಲ್ಲಿ ಸೋಫಾ ಇರುವುದು ಅಲ್ಲೇ. ಓಡಾಡಲು ಜಾಗ ಬಿಡಬೇಕಲ್ಲ.

ಸೌಂಡ್ ಎಂಜಿನಿಯರ್‌ಗಳು ಸ್ಟುಡಿಯೋಗಳಲ್ಲಿ ಬಳಸುವ ಒಂದು ಗುರುತು ಇದೆ: ಕೋಣೆಯ ಉದ್ದದ ಶೇ. 38. ಇದು ಶಾಸನವಲ್ಲ, ಹುಡುಕಾಟ ಶುರುಮಾಡುವ ಜಾಗ. 18 ಅಡಿಯಲ್ಲಿ ಅದು ಸುಮಾರು 7 ಅಡಿ. ಹಿಂದಿನ ಗೋಡೆಯಿಂದ 7 ಅಡಿ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಕೇಳಿ. ಚೆನ್ನಾಗಿ ಗೊತ್ತಿರುವ ಹಾಡೇ ಹಾಕಿ. ಬೇಸ್ ಗಿಟಾರ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭಾಗ ಇದ್ದರೆ ಒಳ್ಳೆಯದು. ಆ ಸ್ವರಗಳಲ್ಲಿ ಒಂದೆರಡು ಮಾತ್ರ ಉಬ್ಬಿ, ಒಂದೆರಡು ಕಾಣೆಯಾದರೆ ಕುರ್ಚಿ ಅರ್ಧ ಅಡಿ ಮುಂದೆ, ಅರ್ಧ ಅಡಿ ಹಿಂದೆ ಸರಿಸಿ. ಶಾಸ್ತ್ರೀಯ ಸಂಗೀತ ಕೇಳುವವರು ತಂಬೂರಿಯ ಮೇಲೆ ಕಿವಿ ಇಡಿ. ಸಿ ಶಾರ್ಪ್ ಶ್ರುತಿಯಲ್ಲಿ ಹಾಡುವ ಗಂಡಸರ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಜ್. ಆ ಕೊನೆಯ ತಂತಿ ಮೀಟಿದಾಗ ಅದರ ಬುಡ ಕೇಳಬೇಕು, ಬರೀ ಮೇಲಿನ ಝೇಂಕಾರ ಅಲ್ಲ. ಹಾಗಂತ ಇಡೀ ಕಛೇರಿಯನ್ನು ಅದೊಂದೇ ಮುಚ್ಚಿಹಾಕಲೂ ಬಾರದು.

ಸೋಫಾ ಏಳಡಿ ಮುಂದೆ ತಂದರೆ ಮನೆಯವರು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಎರಡಡಿ ಮುಂದೆ ತಂದರೆ ಏನು ಸಿಗುತ್ತದೆ? 31 ಹರ್ಟ್ಜ್‌ನಲ್ಲಿ ಏನೂ ಬದಲಾಗುವುದಿಲ್ಲ. 63ರ ಉಬ್ಬು ಸ್ವಲ್ಪ ಇಳಿಯುತ್ತದೆ. ಮೂರಡಿಗೆ ತಂದರೆ ಉದ್ದದ ಕಡೆಯಿಂದ ಬರುವ 94ರ ಉಬ್ಬು ಪೂರ್ತಿ ಇಳಿಯುತ್ತದೆ. ಆ ತಂಟೆಕೋರ ಗುಂಯ್ ಇರುವುದು ಹೆಚ್ಚಾಗಿ ಈ ಭಾಗದಲ್ಲೇ. ಹಾಗಾಗಿ ಎರಡು ಮೂರಡಿಯೂ ವ್ಯರ್ಥವಲ್ಲ. ಸೋಫಾದ ಹಿಂದೆ ಒಂದು ಪುಸ್ತಕದ ಕಪಾಟು ಇಟ್ಟರೆ ಆ ಜಾಗಕ್ಕೂ ಒಂದು ಉಪಯೋಗ ಆಯಿತು.

ಅಗಲದಲ್ಲಿ ಮಾತ್ರ ನಟ್ಟನಡುವೆ ಕೂರಬೇಕು. ಎಡ, ಬಲ ಸಮ ಇರಬೇಕಲ್ಲ. ಹಾಗಾದರೆ 47 ಹರ್ಟ್ಜ್ ಅಲ್ಲಿ ಬತ್ತುವುದಿಲ್ಲವೇ? ಎರಡು ಸ್ಪೀಕರ್ ಪಕ್ಕದ ಗೋಡೆಗಳಿಂದ ಸಮದೂರದಲ್ಲಿದ್ದು, ಒಂದೇ ಬೇಸ್ ನುಡಿಸಿದರೆ ಅಗಲದ ಆ ಮೊದಲ ಅಲೆ ಏಳುವುದೇ ಇಲ್ಲ. ಒಂದು ಎಬ್ಬಿಸಿದ್ದನ್ನು ಇನ್ನೊಂದು ಅಡಗಿಸುತ್ತದೆ. ನೀವು ಕೇಳುವುದು ಉಳಿದ ಅಲೆಗಳು ಹೊತ್ತು ತರುವ 47 ಹರ್ಟ್ಜ್ ಅನ್ನು. ಸಮದೂರ ಎನ್ನುವುದು ಬರೀ ಅಂದಕ್ಕಲ್ಲ.

ಹಂತ 4: ಈಗ ಸ್ಪೀಕರ್

ಗೋಡೆಯ ಹತ್ತಿರ ಹೋದಷ್ಟೂ ಬೇಸ್ ಹೆಚ್ಚು. ಬಯಲಿಗೆ ಹೋಲಿಸಿದರೆ ಪ್ರತಿಯೊಂದು ಗಟ್ಟಿ ಮೇಲ್ಮೈ ಹತ್ತಿರವಿದ್ದಾಗ ಕೆಳಗಿನ ಬೇಸ್‌ಗೆ 6 ಡೆಸಿಬೆಲ್‌ವರೆಗೆ (ಸದ್ದಿನ ಮಟ್ಟದ ಅಳತೆ) ಸೇರಿಸುತ್ತದೆ. ನೆಲ ಹೇಗೂ ಇದೆ. ಸ್ಪೀಕರ್ ಹಿಂದಿನ ಗೋಡೆ ಇನ್ನೊಂದು, ಮೂಲೆಗೆ ಇಟ್ಟರೆ ಮತ್ತೊಂದು. ಹಾಗಂತ ಮೂಲೆಗೆ ತುರುಕಿದರೆ ಕೋಣೆಯ ಎಲ್ಲ ನಿಂತ ಅಲೆಗಳನ್ನೂ ಒಟ್ಟಿಗೆ ಬಡಿದೆಬ್ಬಿಸಿದಂತೆ. ಸಿಮೆಂಟ್ ಗೋಡೆಯ ಮನೆಯಲ್ಲಿ ಸ್ಟೀರಿಯೋ ಸ್ಪೀಕರ್‌ಗಳನ್ನು ಮೂಲೆಗೆ ಇಡಲೇಬೇಡಿ ಎನ್ನುತ್ತೇನೆ. ಹೆಂಚಿನ ಮನೆ, ಚಿಕ್ಕ ಸ್ಪೀಕರ್ ಇದ್ದರೆ ಪ್ರಯತ್ನಿಸಬಹುದು.

ಗೋಡೆಯಿಂದ ಸ್ವಲ್ಪ ದೂರ ಇಟ್ಟಾಗ ಇನ್ನೊಂದು ತಕರಾರು ಏಳುತ್ತದೆ. ಬೇಸ್ ಎಲ್ಲ ದಿಕ್ಕಿಗೂ ಹರಡುವುದರಿಂದ ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ಮುಂದೆ ಬರುತ್ತದೆ. ಆ ದಾರಿ ಅರ್ಧ ಅಲೆಯಷ್ಟು ಉದ್ದವಾದ ಕಂಪನದಲ್ಲಿ, ವಾಪಸು ಬಂದದ್ದು ನೇರ ಹೋಗುವುದನ್ನು ಹೊಡೆದುಹಾಕುತ್ತದೆ. ಲೆಕ್ಕ ಸರಳ: 282ನ್ನು, ವೂಫರ್ ಮುಖದಿಂದ ಗೋಡೆಗಿರುವ ದೂರದಿಂದ (ಅಡಿಗಳಲ್ಲಿ) ಭಾಗಿಸಿ. 2 ಅಡಿಗೆ 141 ಹರ್ಟ್ಜ್, 3 ಅಡಿಗೆ 94, 4 ಅಡಿಗೆ 70. ಅಂದರೆ ಮೂರು ನಾಲ್ಕು ಅಡಿ ದೂರ ಇಟ್ಟರೆ ತೂತು ಬೀಳುವುದು (ಸದ್ದು ಬತ್ತುವುದು) ಸರಿಯಾಗಿ ಬೇಸ್‌ನ ನಡುವೆ. "ಸ್ಪೀಕರ್ ಗೋಡೆಯಿಂದ ದೂರ ಇಡಿ" ಎಂಬ ಸಲಹೆ ಕೇಳಿ ಮೂರಡಿ ಮುಂದೆ ತಂದವರಿಗೆ ತಬಲಾದ ಡಗ್ಗಾದ ತೂಕ ಹೋಗುವುದು ಇದರಿಂದಲೇ.

ಆದ್ದರಿಂದ ನಮ್ಮ ಅಳತೆಯ ಹಾಲ್‌ಗಳಲ್ಲಿ ಗೋಡೆಗೆ ಸಾಕಷ್ಟು ಹತ್ತಿರ ಇಡುವುದೇ ವಾಸಿ. ಸ್ಪೀಕರ್ ಮುಖ ಗೋಡೆಯಿಂದ ಒಂದೂವರೆ ಅಡಿಯೊಳಗೆ ಇದ್ದರೆ ಆ ತೂತು 190 ಹರ್ಟ್ಜ್ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಹೋಗುತ್ತದೆ. ಅಲ್ಲಿ ವೂಫರ್ ಸ್ವಲ್ಪ ಸ್ವಲ್ಪ ಮುಂದಕ್ಕೇ ಸದ್ದು ಎಸೆಯಲು ಶುರುಮಾಡಿರುತ್ತದೆ, ತೂತು ಅಷ್ಟು ಆಳವಾಗುವುದಿಲ್ಲ. ಪೆಟ್ಟಿಗೆಯ ಹಿಂದೆ ಗಾಳಿಯ ತೂತು, ಅಂದರೆ ಪೋರ್ಟ್, ಇದ್ದರೆ ಅದಕ್ಕೂ ಗೋಡೆಗೂ ನಡುವೆ ಒಂದು ಗೇಣಾದರೂ ಬಿಡಿ. ಗುಂಯ್ ಜಾಸ್ತಿ ಅನ್ನಿಸಿದರೆ ಪೋರ್ಟ್‌ಗೆ ಸ್ಪಂಜು ತುರುಕಿ ಕೇಳಿ ನೋಡಿ. ಕೆಲವು ಕಂಪನಿಗಳು ಅದಕ್ಕೆಂದೇ ಸ್ಪಂಜಿನ ಬಿರಡೆ ಕೊಟ್ಟಿರುತ್ತವೆ.

ಅಮೆರಿಕದ ರಾಯ್ ಆಲಿಸನ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದ ಬುಡ. ಅದರಿಂದ ನಮಗೆ ಬೇಕಾದ ಪಾಠ ಒಂದೇ: ವೂಫರ್‌ನಿಂದ ನೆಲಕ್ಕೆ, ಹಿಂದಿನ ಗೋಡೆಗೆ, ಪಕ್ಕದ ಗೋಡೆಗೆ ಇರುವ ಮೂರು ದೂರಗಳು ಒಂದೇ ಆಗಿರಬಾರದು. ಮೂರೂ ಎರಡೂವರೆ ಅಡಿ ಇದ್ದರೆ ಮೂರು ತೂತುಗಳೂ 113 ಹರ್ಟ್ಜ್‌ನಲ್ಲೇ ಬಿದ್ದು ದೊಡ್ಡ ಹೊಂಡ ಆಗುತ್ತದೆ. ನಮ್ಮ ಉದಾಹರಣೆಯ ಹಾಲಿನಲ್ಲಿ ನಾನು ಹೀಗೆ ಶುರುಮಾಡುತ್ತೇನೆ. ಎರಡು ಸ್ಪೀಕರ್‌ಗಳ ನಡುವೆ ಆರೂವರೆ ಅಡಿ. ಆಗ ಪಕ್ಕದ ಗೋಡೆಗಳಿಗೆ ತಲಾ ಎರಡೂಮುಕ್ಕಾಲು ಅಡಿ ಉಳಿಯುತ್ತದೆ. ಹಿಂದೆ ಒಂದೂವರೆ ಅಡಿ. ವೂಫರ್ ನೆಲದಿಂದ ಎರಡು ಅಡಿ ಮೇಲೆ. ಕೂರುವವರು ಹತ್ತಡಿ ಆಸುಪಾಸಿನಲ್ಲಿ. ಇಲ್ಲಿಂದ ಮುಂದೆ ಇಂಚು ಇಂಚಾಗಿ ಸರಿಸುತ್ತಾ, ಪ್ರತಿ ಸಲ ಅದೇ ಹಾಡಿನ ಅದೇ ತುಣುಕು ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕುರ್ಚಿಯನ್ನೂ ಸ್ಪೀಕರನ್ನೂ ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬಹಳ ಮನೆಗಳಲ್ಲಿ ಸ್ಪೀಕರ್ ಇರುವುದು ಟಿವಿ ಯೂನಿಟ್‌ನ ಖಾನೆಯೊಳಗೆ. ಆ ಖಾನೆ ತಾನೇ ಒಂದು ಡಬ್ಬವಾಗಿ ನುಡಿಯುತ್ತದೆ, ಗಂಡಸರ ದನಿ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಹೊರಗೆ ತೆಗೆದು ಸ್ಟ್ಯಾಂಡ್ ಮೇಲೆ ಇಡಿ. ಆಗದಿದ್ದರೆ ಸ್ಪೀಕರ್ ಮುಖ ಖಾನೆಯ ಅಂಚಿಗೆ ಸಮನಾಗಿ ಬರುವಂತೆ ಮುಂದೆ ತನ್ನಿ, ಸುತ್ತಲಿನ ಸಂದಿಗೆ ಹಳೆಯ ಟವೆಲ್ ಅಥವಾ ದಪ್ಪ ಸ್ಪಂಜು ತುಂಬಿ. ಆಂಪ್ ಒಳಗೇ ಇರುವ ಸ್ಪೀಕರ್ ಆದರೆ ಹಿಂದೆ ಬಿಸಿ ಹೋಗಲು ದಾರಿ ಬಿಡಲೇಬೇಕು.

ಹಾಲ್‌ಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಡೈನಿಂಗ್‌ಗೆ ತೆರೆದ ಜಾಗ, ಇದು ಈಗ ಎಲ್ಲ ಕಡೆ ಸಾಮಾನ್ಯ. ಗೋಡೆ ಇರುವ ಕಡೆಯ ಸ್ಪೀಕರ್‌ನಲ್ಲಿ ಬೇಸ್ ಹೆಚ್ಚು ಕೇಳುತ್ತದೆ. ಆ ಸ್ಪೀಕರನ್ನು ಪಕ್ಕದ ಗೋಡೆಯಿಂದ ಇನ್ನಷ್ಟು ಒಳಗೆ ತನ್ನಿ, ಜೊತೆಗೆ ಕೂರುವ ಜಾಗವನ್ನೂ ಅಷ್ಟೇ ಸರಿಸಿ. ಬೇಸ್‌ನ ಲೆಕ್ಕಕ್ಕೆ ಅಗಲ ಎಂದರೆ ಡೈನಿಂಗ್‌ನ ಆಚೆಯ ಗೋಡೆವರೆಗೆ ಎಂಬುದು ನೆನಪಿರಲಿ.

ಹಂತ 5: ಸಬ್‌ವೂಫರ್ ಇದ್ದರೆ ಮಂಡಿಯೂರಿ ಹುಡುಕಿ

ಸುಮಾರು 80 ಹರ್ಟ್ಜ್‌ನಿಂದ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದು ಕಷ್ಟ. ಅದಕ್ಕೇ ಸಬ್‌ವೂಫರ್ ಟಿವಿ ಪಕ್ಕದಲ್ಲೇ ಇರಬೇಕೆಂಬ ನಿಯಮ ಇಲ್ಲ. ಎಲ್ಲಿ ಚೆನ್ನಾಗಿ ಕೇಳುತ್ತದೋ ಅದೇ ಅದರ ಜಾಗ. ಹುಡುಕುವ ವಿಧಾನ ಉಲ್ಟಾ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ ಇಡಿ, ನೀವು ಅದರ ಜಾಗ ಹುಡುಕುತ್ತಾ ಹೋಗಿ. ಎರಡು ಬಿಂದುಗಳ ನಡುವೆ ಸದ್ದು ಅತ್ತಿಂದಿತ್ತ ಹೇಗೆ ಬರುತ್ತದೋ ಇತ್ತಿಂದತ್ತಲೂ ಹಾಗೇ ಹೋಗುತ್ತದೆ. ಅಲ್ಲಿ ನಿಮಗೆ ಚೆನ್ನಾಗಿ ಕೇಳಿದರೆ, ಸಬ್ ಅಲ್ಲಿಟ್ಟಾಗ ಸೋಫಾದಲ್ಲೂ ಹಾಗೇ ಕೇಳುತ್ತದೆ.

ಮಾಡುವುದು ಹೀಗೆ. ಸಬ್ ಆಫ್ ಮಾಡಿ, ಸೋಫಾದ ಮೇಲೆ ಗಟ್ಟಿ ಹಲಗೆ ಹಾಕಿ, ಅದರ ಮೇಲೆ ಸಬ್ ಇಡಿ. ಉದ್ದದ ವೈರ್ ಬೇಕಾಗುತ್ತದೆ. ಉಳಿದ ಸ್ಪೀಕರ್ ಬಂದ್ ಮಾಡಿ. ಬೇಸ್ ಸ್ವರಗಳು ಏರಿಳಿಯುವ ಒಂದು ತುಣುಕನ್ನು ಮತ್ತೆ ಮತ್ತೆ ಬರುವಂತೆ ಹಾಕಿ. ಈಗ ಮಂಡಿಯೂರಿ, ಕಿವಿ ನೆಲದಿಂದ ಒಂದಡಿ ಎತ್ತರದಲ್ಲಿಟ್ಟು, ಗೋಡೆಯ ಉದ್ದಕ್ಕೂ ಮೆಲ್ಲಗೆ ಸಾಗಿ. ನಿಂತು ಕೇಳಿದರೆ ಲೆಕ್ಕ ತಪ್ಪುತ್ತದೆ. ಸಬ್ ಕೂರುವ ಎತ್ತರದಲ್ಲೇ ಕೇಳಬೇಕು. ಮೂಲೆಯಲ್ಲಿ ಸದ್ದು ಭಾರಿ ಇರುತ್ತದೆ, ಮೋಸಹೋಗಬೇಡಿ. ನಾವು ಹುಡುಕುವುದು ಜೋರಾದ ಜಾಗ ಅಲ್ಲ, ಎಲ್ಲ ಸ್ವರಗಳೂ ಒಂದೇ ಮಟ್ಟದಲ್ಲಿ ಕೇಳುವ ಜಾಗ. ಒಂದು ಸ್ವರ ಬಂದಾಗ ಪಕ್ಕದ ಗೋಡೆಯೇ ಗುನುಗಿದಂತೆ ಆದರೆ ಮುಂದೆ ಸಾಗಿ. ಪ್ರತಿ ಸ್ವರದ ಆರಂಭ, ಅಂತ್ಯ ಬಿಡಿಬಿಡಿಯಾಗಿ ತಿಳಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಎರಡು ಮೂರು ಗುರುತು ಸಿಗುತ್ತವೆ. ಬಾಗಿಲಿಗೂ ಕಸ ಗುಡಿಸುವುದಕ್ಕೂ ಅಡ್ಡಿಯಾಗದ ಗುರುತನ್ನು ಆರಿಸಿಕೊಳ್ಳಿ.

ಜಾಗ ಸಿಕ್ಕ ಮೇಲೆ ಗುಂಡಿಗಳು. ಕ್ರಾಸ್‌ಓವರ್, ಅಂದರೆ ಸಬ್ ಎಷ್ಟು ಹರ್ಟ್ಜ್‌ವರೆಗೆ ನುಡಿಯಬೇಕು ಎಂಬ ಗಡಿ, 80 ಹರ್ಟ್ಜ್‌ಗೆ ಇಡಿ. ಮುಖ್ಯ ಸ್ಪೀಕರ್ ತೀರಾ ಚಿಕ್ಕದಿದ್ದರೆ 100 ಅಥವಾ 120. ಸಬ್‌ನ ಕೋನ್ ಆಡುವ ದಿಕ್ಕನ್ನು ಉಲ್ಟಾ ಮಾಡುವ ಫೇಸ್ ಸ್ವಿಚ್ ಯಾಕಿದೆ ಎಂದು ತಿಳಿಯದೆ ಸುಮ್ನೆ ಬಿಟ್ಟವರೇ ಹೆಚ್ಚು. ಆ್ಯಪ್‌ನಲ್ಲಿ ಕ್ರಾಸ್‌ಓವರ್ ಇಟ್ಟಿರುವ ಸಂಖ್ಯೆಯ ಟೋನ್ ಹಾಕಿ. ಸಬ್ ಮತ್ತು ಸ್ಪೀಕರ್ ಎರಡೂ ನುಡಿಯಲಿ. ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಸ್ವಿಚ್ಚನ್ನು 0, 180 ಎಂದು ಬದಲಿಸಲಿ. ಯಾವುದರಲ್ಲಿ ಜೋರು ಕೇಳುತ್ತದೋ ಅದೇ ಸರಿ. ಇನ್ನು ವಾಲ್ಯೂಮ್. ಸಬ್ ನುಡಿಯುತ್ತಿದೆ ಎಂದು ಗೊತ್ತಾಗುತ್ತಿದ್ದರೆ ಅದು ಜಾಸ್ತಿಯಾಗಿದೆ. ಆಫ್ ಮಾಡಿದಾಗ ಮಾತ್ರ ಏನೋ ಖಾಲಿಯಾಯಿತು ಅನ್ನಿಸಬೇಕು.

ಹಾಲಿನಲ್ಲಿ ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುತ್ತೀರಿ, ಒಬ್ಬರಿಗೆ ಚೆನ್ನಾಗಿ ಕೇಳಿ ಪಕ್ಕದವರಿಗೆ ಕೇಳುವುದಿಲ್ಲ ಎಂದರೆ ಒಂದು ದೊಡ್ಡ ಸಬ್‌ಗಿಂತ ಎರಡು ಚಿಕ್ಕವು ಮೇಲು. ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಆಯತದ ಕೋಣೆಗಳಿಗೆ ಇದನ್ನು ಲೆಕ್ಕ ಹಾಕಿ ತೋರಿಸಿದರು. ನಾಲ್ಕು ಗೋಡೆಗಳ ನಡುಮಧ್ಯೆ ಒಂದೊಂದರಂತೆ ನಾಲ್ಕು ಇಟ್ಟರೆ ಸೀಟಿನಿಂದ ಸೀಟಿಗೆ ವ್ಯತ್ಯಾಸ ತುಂಬಾ ಇಳಿಯುತ್ತದೆ. ಎದುರುಬದುರು ಗೋಡೆಗಳ ಮಧ್ಯೆ ಎರಡೇ ಇಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ. ಎರಡೂ ಒಂದೇ ಮಾಡೆಲ್ ಆಗಿರಲಿ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಸಬ್ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಪ್ಯಾಡ್ ಹಾಕಿ. ಪೆಟ್ಟಿಗೆಯ ನಡುಕ ಸ್ಲ್ಯಾಬ್‌ಗೆ ಇಳಿಯುವುದು ಕಡಿಮೆಯಾಗುತ್ತದೆ. ಗಾಳಿಯ ಮೂಲಕ ಹೋಗುವ ಬೇಸ್‌ಗೆ ಪ್ಯಾಡ್ ಏನೂ ಮಾಡುವುದಿಲ್ಲ. ಕೆಳಗಿನ ಮನೆಯಲ್ಲಿ ಮಗು ಮಲಗುವ ಹೊತ್ತು ಯಾವುದು ಎಂದು ಒಮ್ಮೆ ಕೇಳಿಕೊಂಡು ಬನ್ನಿ.

ಹತ್ತಡಿಗೆ ಹತ್ತಡಿ ರೂಮು

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಹಾಡು ಕೇಳುವ ರೂಮು ಎಂದರೆ ಮಗನದ್ದೋ ಮಗಳದ್ದೋ ಬೆಡ್‌ರೂಮು. ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹತ್ತಡಿ. 565ನ್ನು ಭಾಗಿಸಿದರೆ ಮೂರು ಕಡೆಯಿಂದಲೂ 56 ಚಿಲ್ಲರೆ. ಬೇಸ್‌ಗೆ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಆ ಒಂದು ಸ್ವರ ಬಂದಾಗ ಕಿಟಕಿ ನಡುಗುತ್ತದೆ, ಅದರ ಅಕ್ಕಪಕ್ಕದ್ದು ಕೇಳುವುದೇ ಇಲ್ಲ. ರೂಮಿನ ನಟ್ಟನಡುವೆ ಕೂತರಂತೂ ಬೇಸ್ ಸೊನ್ನೆ.

ಇಲ್ಲಿ ಸಬ್‌ವೂಫರ್ ಬೇಡ. ಐದಿಂಚು ವೂಫರ್‌ನ ಚಿಕ್ಕ ಸ್ಪೀಕರ್ ಸಾಕು. ಅದರಲ್ಲೂ 60 ಹರ್ಟ್ಜ್ ಆಸುಪಾಸಿನಲ್ಲಿ ತಾನಾಗಿಯೇ ಇಳಿಯತೊಡಗುವ ಸ್ಪೀಕರ್ ಆದರೆ ರೂಮಿನ ಉಬ್ಬು ಅದರ ಇಳಿತವನ್ನು ಅಷ್ಟಿಷ್ಟು ತುಂಬಿಕೊಡುತ್ತದೆ. ಮೇಜಿನ ಮೇಲೆ, ಹತ್ತಿರ ಇಟ್ಟುಕೊಂಡು ಕೇಳಿ. ನಿಮ್ಮ ತಲೆ ಮುಂದಿನ ಗೋಡೆಯಿಂದ ಮೂರೂವರೆ, ನಾಲ್ಕು ಅಡಿಯಲ್ಲಿರಲಿ. ಹತ್ತಿರದಿಂದ ಕೇಳುವಾಗ ಸ್ಪೀಕರ್‌ನ ನೇರ ಸದ್ದೇ ಹೆಚ್ಚು ಬಂದು, ರೂಮಿನ ಕಿತಾಪತಿ ಒಂದಿಷ್ಟು ಹಿಂದೆ ಸರಿಯುತ್ತದೆ.

ಹಂತ 6: ಗಡಗಡ ಎಲ್ಲಿಂದ?

ಬೇಸ್ ಒಡೆದಂತೆ ಕೇಳಿದರೆ ಸ್ಪೀಕರನ್ನು ಬೈಯುವ ಮೊದಲು ಮನೆ ನೋಡಿ. ಆ್ಯಪ್‌ನಲ್ಲಿ 100 ಹರ್ಟ್ಜ್‌ನಿಂದ 40ಕ್ಕೆ ಮೆಲ್ಲಗೆ ಇಳಿಸುತ್ತಾ ಕೋಣೆಯಲ್ಲಿ ಓಡಾಡಿ. ಒಂದು ಕಡೆ ಶೋಕೇಸ್ ಗಾಜು ಕಿರ್ರ್ ಅನ್ನುತ್ತದೆ. ಇನ್ನೊಂದು ಕಡೆ ಗಾಡ್ರೇಜ್ ಬೀರುವಿನ ಬಾಗಿಲು. ಮೊಳೆಗೆ ತೂಗಿದ ದೇವರ ಪಟ, ಟ್ಯೂಬ್‌ಲೈಟ್ ಪಟ್ಟಿ, ಕಿಟಕಿಯ ಸಡಿಲ ಚಿಲಕ, ಎಸಿ ಮುಚ್ಚಳ, ಒಂದೊಂದಕ್ಕೂ ಅದರದ್ದೇ ಸ್ವರ. ಸದ್ದು ಬಂದಲ್ಲಿ ಕೈ ಇಟ್ಟು ಒತ್ತಿ. ನಿಂತರೆ ಕಳ್ಳ ಸಿಕ್ಕ. ಪಟದ ಹಿಂದೆ ಎರಡು ತುಂಡು ರಬ್ಬರ್ ಅಂಟಿಸಿ, ಗಾಜು ಜಾರುವ ಸಂದಿಗೆ ಫೆಲ್ಟ್ ಪಟ್ಟಿ ಸೇರಿಸಿ. ಹತ್ತಿಪ್ಪತ್ತು ರೂಪಾಯಿಯ ಕೆಲಸ, ಆದರೆ ಫಲ ತಕ್ಷಣ ಕೇಳುತ್ತದೆ.

ಫೋಮ್, ಕಾರ್ಪೆಟ್, ಹಾಸಿಗೆ

ಮೊಟ್ಟೆ ಟ್ರೇ ಥರದ ಒಂದಿಂಚಿನ ಫೋಮ್ ಗೋಡೆಗೆ ಅಂಟಿಸಿ ಬೇಸ್ ಸರಿಹೋಗಲಿಲ್ಲ ಎನ್ನುವವರಿಗೆ: ಅದರಿಂದ ಸರಿಹೋಗುವುದಿಲ್ಲ. ಅಲೆಯ ಉದ್ದಕ್ಕೆ ತಕ್ಕ ದಪ್ಪ ಬೇಕು. 60 ಹರ್ಟ್ಜ್‌ನ ಕಾಲು ಅಲೆಯೇ ನಾಲ್ಕೂವರೆ ಅಡಿ ದಾಟುತ್ತದೆ. ತೆಳು ಫೋಮ್, ಕಾರ್ಪೆಟ್, ಪರದೆ ಇವೆಲ್ಲ ಮೇಲಿನ ಸದ್ದನ್ನು ಮಾತ್ರ ನುಂಗುತ್ತವೆ. ಅತಿಯಾದರೆ ಮೇಲಿನದು ಸತ್ತು, ಬೇಸ್ ಇನ್ನೂ ಉಬ್ಬಿದಂತೆ ಕೇಳುತ್ತದೆ. ಆರಿಂಚು ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ ಹಲಗೆ) ಅನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆ ಮೂಲೆಗಳಿಗೆ ಅಡ್ಡಲಾಗಿ, ಹಿಂದೆ ಖಾಲಿ ಜಾಗ ಬಿಟ್ಟು ನೆಲದಿಂದ ಮೇಲಿನವರೆಗೆ ನಿಲ್ಲಿಸಿದರೆ ನಿಜವಾದ ವ್ಯತ್ಯಾಸ ಬರುತ್ತದೆ. ಸುತ್ತಿಟ್ಟ ಹತ್ತಿ ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿದರೆ 100 ಹರ್ಟ್ಜ್‌ನಿಂದ ಮೇಲೆ ಅಷ್ಟಿಷ್ಟು ಸಹಾಯ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ದರೆ ಅದೂ ಬೇಸ್‌ನಲ್ಲಿ ಒಂದು ಪಾಲನ್ನು ನುಂಗಿಕೊಡುತ್ತದೆ.

ಹಂತ 7: ಕೊನೆಗೆ ಈಕ್ವಲೈಜರ್

ಜಾಗಗಳೆಲ್ಲ ಕೂತ ಮೇಲೆ ಉಳಿದ ಉಬ್ಬನ್ನು ಈಕ್ವಲೈಜರ್‌ನಲ್ಲಿ (ಒಂದೊಂದು ಕಂಪನದ ಸದ್ದನ್ನು ಬೇರೆಬೇರೆಯಾಗಿ ಏರಿಸುವ, ಇಳಿಸುವ ಸಾಧನ) ತಗ್ಗಿಸಬಹುದು. ಅಳೆದು ಮಾಡುವುದಾದರೆ ರೂಮ್ ಇಕ್ಯೂ ವಿಝರ್ಡ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಜೊತೆಗೆ ಯುಎಸ್‌ಬಿ ಅಳತೆ ಮೈಕ್ ಒಂದು ಬೇಕು. ಮೊಬೈಲ್ ಮೈಕ್ ಕೆಳಗಿನ ಬೇಸ್‌ನಲ್ಲಿ ನಿಖರವಲ್ಲ. ಆದರೆ ಒಂದೇ ಟೋನ್ ಹಾಕಿ ಎರಡು ಜಾಗಗಳನ್ನು ಹೋಲಿಸಲು ನಡೆಯುತ್ತದೆ.

ಉಬ್ಬಿದ್ದನ್ನು ಇಳಿಸಿ, ಬತ್ತಿದ್ದನ್ನು ಏರಿಸಬೇಡಿ. ಬತ್ತುವ ಜಾಗದಲ್ಲಿ ಎಷ್ಟು ಸುರಿದರೂ ಗೋಡೆಯಿಂದ ಬಂದದ್ದು ಅಷ್ಟನ್ನೂ ಹೊಡೆದುಹಾಕುತ್ತದೆ. 10 ಡೆಸಿಬೆಲ್ ಏರಿಸಿದರೆ ಆಂಪ್ ಹತ್ತು ಪಟ್ಟು ಶಕ್ತಿ ಕೊಡಬೇಕು. ವೂಫರ್ ಸುಡುತ್ತದೆಯೇ ಹೊರತು ಬೇಸ್ ಬರುವುದಿಲ್ಲ. ಬತ್ತಿದ ಸ್ವರಕ್ಕೆ ಮದ್ದು ಕುರ್ಚಿ ಸರಿಸುವುದೇ.

ಎಲ್ಲ ಮುಗಿದ ಮೇಲೆ ಸ್ಪೀಕರ್‌ಗಳ, ಸಬ್‌ನ, ಸೋಫಾ ಕಾಲುಗಳ ಮೂಲೆಗಳಿಗೆ ನೆಲದ ಮೇಲೆ ಚಿಕ್ಕ ಚಿಕ್ಕ ಟೇಪು ಅಂಟಿಸಿ.  ದೂರಗಳನ್ನು ಮೊದಲ ಹಂತದ ಆ ಚೀಟಿಯಲ್ಲೇ ಬರೆದು ಸ್ಪೀಕರ್ ಹಿಂದೆ ಅಂಟಿಸಿಡಿ. ಹಬ್ಬಕ್ಕೆ ಮನೆ ಸಾರಿಸುವಾಗ ಎಲ್ಲವೂ ಸರಿದುಹೋಗುತ್ತದೆ, ಆಗ ಬೇಕಾಗುತ್ತದೆ.